ಹಾಯಿಬಟ್ಟೆಯ ಹಿಂದಿನ ಗೋಡೆ

ನನ್ನ ಭಾವ ಅಸಾಹೆಲ್ ಮನೆ ಕಟ್ಟಿಸಲು ಹೊರಟಾಗ, ಒಂಟೇರಿಯೊ ಸರೋವರದ ದಡದಿಂದ ತಂದ ಗುಂಡುಕಲ್ಲುಗಳನ್ನೆಲ್ಲ ಕಬ್ಬಿಣದ ಬಳೆಯಲ್ಲಿ ತೂರಿಸಿ ಆರಿಸಿದವಳು ನಾನು. ಚಳಿಗಾಲವಿಡೀ ಅದೇ ಕೆಲಸ. ಬಳೆಯಲ್ಲಿ ನುಸುಳಿದ್ದು ರಸ್ತೆ ಕಡೆಯ ಗೋಡೆಗೆ, ಉಳಿದದ್ದು ಹಿತ್ತಿಲ ಗೋಡೆಗೆ. ಅದರಲ್ಲೂ ರಸ್ತೆ ಕಡೆಗೆ ಬೂದುಬಣ್ಣದ್ದೇ ಬೇಕು, ಕೆಂಪು ಒಂದೂ ಕೂಡದು ಎಂದು ಭಾವನ ಕಟ್ಟಪ್ಪಣೆ. ಹೋಗಿಬರುವವರು ನೋಡಬೇಕಲ್ಲ!

ಮೇಸ್ತ್ರಿ ಜಾಬೆಜ್ ಮಾತ್ರ ಗೋಡೆಗೆ ಹಾಯಿಬಟ್ಟೆ ಮರೆಮಾಡಿಕೊಂಡೇ ಕೆಲಸ ಮಾಡುತ್ತಿದ್ದ. ಯಾರಾದರೂ ಇಣುಕಿದರೆ ಕರಣೆ ಕೆಳಗಿಟ್ಟು ಪೈಪು ಹಚ್ಚುವನು. ಕಲ್ಲಿನ ಸಾಲುಗಳ ನಡುವೆ ಗಾರೆಯನ್ನು ಚೂಪು ಏಣಾಗಿ ಎಬ್ಬಿಸುವ ಗುಟ್ಟನ್ನು ಆ ಕಸುಬಿನವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನನಗೋ ಅದನ್ನು ನೋಡದೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಟ್ಟೆಯ ಹೊಲಿಗೆ ಬಿಚ್ಚಿದ ಕಡೆ ಕಣ್ಣಿಟ್ಟೆ. ಹಿಂದಿನ ದಿನ ಕರು ನುಗ್ಗಿ ಕಲ್ಲಿನ ರಾಶಿಗಳು ಬೆರೆತುಹೋಗಿದ್ದವು. ಜಾಬೆಜ್ ಕಲ್ಲೊಂದನ್ನು ಎತ್ತಿ, ಹೆಬ್ಬೆರಳಿನಿಂದ ಸುತ್ತಲೂ ಸವರಿ, ಸಾಲಿನಲ್ಲಿ ಕೂರಿಸಿದ. ಅಚ್ಚ ಕೆಂಪು ಕಲ್ಲು! ಆ ಸಾಲಿನಲ್ಲಿ ಆಗಲೇ ಇನ್ನೂ ಆರು ಕೆಂಪು ಕೂತಿದ್ದವು. ಆಮೇಲೆ ಕಾಲ ಬಳಿಯೇ ಬಿದ್ದಿದ್ದ ಕರಣೆಗಾಗಿ ನೆಲವನ್ನೆಲ್ಲ ತಡಕಾಡಿದ. ಅವನು ಮರೆಮಾಡಿದ್ದು ಗಾರೆಯ ಗುಟ್ಟನ್ನಲ್ಲ, ಕಣ್ಣು ಮಂಜಾದದ್ದನ್ನು. ಇದು ಹೊರಬಿದ್ದರೆ ಈ ಸೀಮೆಯಲ್ಲಿ ಅವನಿಗೆ ಇನ್ನೊಂದು ಗೋಡೆ ಸಿಕ್ಕುವುದಿಲ್ಲ.

ಅಷ್ಟರಲ್ಲಿ ಭಾವ ಬಂದು ಬಟ್ಟೆ ಸರಿಸಿಯೇಬಿಟ್ಟ.

"ಏನಯ್ಯಾ ಇದು? ಕೆಂಪು ಬೇಡ ಅಂತ ಬಾಯಿ ಬಡ್ಕೊಂಡಿದ್ನಲ್ಲ! ಕಣ್ಣು ಕಾಣಲ್ವಾ ನಿಂಗೆ?"

ಜಾಬೆಜ್ ಸಾಲಿನ ಕಲ್ಲುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಸವರತೊಡಗಿದ.

"ನಾನೇ ಹೇಳಿ ಹಾಕ್ಸಿದ್ದು, ಭಾವ" ಎಂದೆ. "ಬರೀ ಬೂದಿ ಬಣ್ಣ ಬಳ್ಕೊಂಡು ಸೂತಕದ ಮನೆ ಥರ ಇತ್ತು. ಕಲ್ಲು ಆರಿಸಿ ಆರಿಸಿ ಉಗುರು ಸವೆಸ್ಕೊಂಡೋಳು ನಾನು. ಏಳು ಕಲ್ಲು ನನ್ನಿಷ್ಟಕ್ಕೆ ಹಾಕ್ಸ್‌ಬಾರ್ದಾ?"

"ನಿನ್ ನಾಲಿಗೆ ಕಟ್ಕೊಳ್ಳೋ ಗಂಡು ಇನ್ನೂ ಹುಟ್ಟಿಲ್ಲ ಕಣೇ" ಎಂದು ಗೊಣಗುತ್ತಾ ಭಾವ ಕೊಟ್ಟಿಗೆಯ ಕಡೆ ನಡೆದ.

ಜಾಬೆಜ್ ಬಟ್ಟೆಯನ್ನು ಮತ್ತೆ ಎಳೆದುಕೊಂಡ. ನಾನೂ ಹೊರಟೆ. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಒಳಗಿನಿಂದ ದನಿ ಬಂತು.

"ಲೊವೀನಮ್ಮಾ, ಹೋಗ್ಬೇಡ. ಒಳಗ್ ಬಾ."

ಹೋದೆ. ಅಂಗೈಯಲ್ಲಿ ಒಂದು ಕಲ್ಲಿಟ್ಟುಕೊಂಡು ನನ್ನತ್ತ ಚಾಚಿದ.

"ಇದ್ಯಾವ ಬಣ್ಣ, ಹೇಳು."