ಮಾವ ತಮಗೆಂದು ಇಟ್ಟ ಜಾಗ

ಕೊನೆಯ ನೆಂಟರೂ ಹೋದ ಮರುದಿನ ಬೆಳಿಗ್ಗೆ ಅತ್ತೆ ಅಕ್ಕಿರೊಟ್ಟಿ ತಟ್ಟಿದರು. ನನ್ನ ಗಂಡ ಕೀರ್ತಿಯನ್ನು ಮಣ್ಣು ಮಾಡಿದ ಮೇಲೆ ನಾವು ಮೂವರೇ ಇದ್ದ ಮೊದಲ ಬೆಳಗು ಅದು. ಮಾವ ತಿಂಡಿಗೆ ಬರಲಿಲ್ಲ.

"ನೋಡಮ್ಮ ಚಂದನಾ, ಎಲ್ಲಿ ನಿಂತಿದಾರೋ," ಎಂದರು ಅತ್ತೆ.

ಎಲ್ಲಿ ಎಂದು ಇಬ್ಬರಿಗೂ ಗೊತ್ತಿತ್ತು. ತೋಟದ ಮೇಲಂಚಿನಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ, ನಮ್ಮ ಮನೆಯವರನ್ನು ಹೂಳುವ ಜಾಗವಿದೆ. ಆರು ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ನಿಗೆ ಹೋಗುವ ಮುನ್ನ ಮಾವ ಅಲ್ಲಿ, ತಮ್ಮ ತಂದೆಯ ಪಕ್ಕ, ತಮಗೆಂದು ಒಂದು ಜಾಗ ಗುರುತು ಮಾಡಿದ್ದರು. ಹುಷಾರಾಗಿ ಬಂದ ಮೇಲೂ ಅಲ್ಲೊಂದು ಗಿಡ ನೆಡಲು ಬಿಟ್ಟಿರಲಿಲ್ಲ. ಕೀರ್ತಿಯ ಬೈಕಿಗೆ ಲಾರಿ ಬಡಿದಾಗ ಬೇರೆ ಜಾಗ ನೋಡಬೇಕೆಂದು ಯಾರಿಗೂ ತೋಚಲಿಲ್ಲ; ಅವನನ್ನು ಅಲ್ಲೇ ಮಲಗಿಸಿದೆವು.

ನಾನು ಹೋದಾಗ ಮಾವ ಹೊಸ ಮಣ್ಣಿನ ಪಕ್ಕದಿಂದ ಕಾಫಿ ಗಿಡದ ಬುಡದವರೆಗೆ ಹೆಜ್ಜೆಯಿಟ್ಟು ಅಳೆಯುತ್ತಿದ್ದರು. ಒಂದು ಕೈ ಸೊಂಟದ ಮೇಲಿತ್ತು.

"ಈ ಎರಡು ಗಿಡ ಕಿತ್ತರೆ ನನಗೂ ಜಾಗ ಸಾಕಾಗುತ್ತೆ."

"ಸೊಂಟಕ್ಕೇನಾಯ್ತು ಮಾವ?"

"ಏನಿಲ್ಲ."

"ಯಾವಾಗಿಂದ?"

"ಅವನಿರುವಾಗಲೇ ಇತ್ತು. ಅವನಿಗೆ ಹೇಳಿರಲಿಲ್ಲ."

ನಾನು ಓದಿದ್ದು ಜೀವರಸಾಯನಶಾಸ್ತ್ರ. ಆ ಕಾಯಿಲೆ ಮರಳಿದರೆ ಸೊಂಟದ, ಬೆನ್ನಿನ ಮೂಳೆಗೆ ಇಳಿಯಬಹುದೆಂದು ಗೊತ್ತಿತ್ತು.

ಪ್ರತಿ ವರ್ಷ ಕಾಫಿ ಕೊಯ್ಲು ಮುಗಿದ ಕೂಡಲೇ ಕೀರ್ತಿ ಅವರನ್ನು ಕುಶಾಲನಗರಕ್ಕೆ ಕರೆದೊಯ್ದು ಪಿ.ಎಸ್.ಎ. ರಕ್ತಪರೀಕ್ಷೆ ಮಾಡಿಸುತ್ತಿದ್ದ. ಪ್ರಾಸ್ಟೇಟ್ ತೆಗೆಸಿಕೊಂಡವರಲ್ಲಿ ಆ ಅಂಕಿ ಸೊನ್ನೆಯ ಹತ್ತಿರವೇ ಇರಬೇಕು. ಈ ವರ್ಷ ಯಾರೂ ಹೋಗಿರಲಿಲ್ಲ.

"ನಾಳೆ ಹೋಗೋಣ," ಎಂದೆ.

"ಬೇಡ."

ಮನೆಗೆ ಬಂದ ಮೇಲೆ ಅತ್ತೆ ಬಿಡಲಿಲ್ಲ. "ಗದ್ದೆಗೆ ಆನೆ ಬಂದ್ರೆ ಟಾರ್ಚು ಹಿಡ್ಕೊಂಡು ಓಡ್ತಾರೆ. ಸೂಜಿ ಕಂಡ್ರೆ ಹೆದರಿಕೆ!"

"ಸೂಜಿಗಲ್ಲ ಕಣೇ. ಇದೆ ಅಂದುಬಿಟ್ರೆ? ಓಡಾಡೋಕೆ ಯಾರಿದಾರೆ?"

ಅತ್ತೆ ರೊಟ್ಟಿಯ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದರು.

"ನಾನಿದೀನಿ," ಎಂದೆ. "ಜೀಪು ನನಗೂ ಬರುತ್ತೆ."

"ನಿಂಗೆ ರಿವರ್ಸ್ ಬರಲ್ಲ."

"ಕುಶಾಲನಗರಕ್ಕೆ ಮುಂದಕ್ಕೇ ಹೋಗೋದು ಮಾವ."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಕ್ಕರೋ ಅತ್ತರೋ ತಿಳಿಯಲಿಲ್ಲ.

ರಕ್ತ ಕೊಟ್ಟು ಬಂದ ಸಂಜೆ ಫೋನಿಗೆ ರಿಪೋರ್ಟು ಬಂತು. ಸೊನ್ನೆ ಬಿಂದು ನಾಲ್ಕು. ಹೋದ ವರ್ಷ ಸೊನ್ನೆ ಬಿಂದು ಒಂದಕ್ಕಿಂತ ಕಡಿಮೆ ಇತ್ತು. ಓದಲು ಬರದವಳ ಹಾಗೆ ಅದನ್ನೇ ನೋಡುತ್ತ ಕೂತೆ. ಕೊನೆಗೆ ಮಾವನಿಗೆ ಆಪರೇಷನ್ ಮಾಡಿದ್ದ ಮೈಸೂರಿನ ಡಾಕ್ಟರಿಗೆ ಫೋನು ಮಾಡಿದೆ.

"ಒಂದೇ ಟೆಸ್ಟಿನ ಮೇಲೆ ಹೇಳೋಕಾಗಲ್ಲಮ್ಮ," ಎಂದರು. "ಆದರೆ ನೋವೂ ಇದೆ ಅಂತೀರಿ. ಈ ವಾರವೇ ಬನ್ನಿ, ಸ್ಕ್ಯಾನ್ ಮಾಡೋಣ. ಕೆಲವು ದಿನ ಉಳಿಯೋ ಹಾಗೆ ಬನ್ನಿ."

ಮಾವ ಬಾಗಿಲಲ್ಲಿ ನಿಂತಿದ್ದರು. "ಎಷ್ಟು?"

ಹೇಳಿದೆ.

"ಕೀರ್ತಿ ಆಗಿದ್ರೆ ಏನೂ ಇಲ್ಲಪ್ಪ ಅಂತಿದ್ದ."

"ಹಾಗೆ ಹೇಳಲಾ?"

ಅವರು ಯೋಚಿಸಿದರು. "ಬೇಡ." ಆಮೇಲೆ, "ಎರಡನೇ ನೀರು ಮುಗಿಸಿ ಹೋಗೋಣ."

ಕಾಫಿ ಹೂ ಅರಳಲು ಒಂದು ನೀರು, ಕಾಯಿ ಕಚ್ಚಲು ಇನ್ನೊಂದು. ಮೊದಲನೆಯದನ್ನು ಕೀರ್ತಿ ಹೊಡೆಸಿದ್ದ. ಪೈಪು ನಮ್ಮದು, ನೀರು ಚಿಮ್ಮಿಸುವ ಜೆಟ್ಟುಗಳನ್ನು ಪಕ್ಕದ ತೋಟದ ಉತ್ತಯ್ಯನವರಿಂದ ತಂದಿದ್ದ. ಒಬ್ಬರದು ಮುಗಿದರೆ ಇನ್ನೊಬ್ಬರಿಗೆ. ಇಲ್ಲಿ ಹಾಗೆ ನಡೆಯುತ್ತದೆ. ಸಾವಿನ ಮನೆಯೆಂದು ಉತ್ತಯ್ಯ ವಾಪಸ್ ಕೇಳಿರಲಿಲ್ಲ. ಅವರ ಗಿಡಗಳು ಮೊದಲ ನೀರಿಗೇ ಕಾಯುತ್ತಿದ್ದವು.

ನೀರು ಮುಗಿದರೆ ಗೊಬ್ಬರ, ಗೊಬ್ಬರ ಮುಗಿದರೆ ಇನ್ನೊಂದು. ಮಾವ ಹೊರಡುವುದಿಲ್ಲವೆಂದು ನನಗೆ ಅರ್ಥವಾಯಿತು. ಬೆಳಿಗ್ಗೆ ಸ್ಪ್ಯಾನರ್ ತೆಗೆದುಕೊಂಡು ಹೋಗಿ ಜೆಟ್ಟುಗಳನ್ನು ಬಿಚ್ಚಿ ಜೀಪಿಗೆ ಹಾಕಿದೆ. ಮಾವ ಜಗಲಿಯಿಂದ ನೋಡುತ್ತಿದ್ದರು.

"ಈ ವರ್ಷದ ಫಸಲು ಹೋಗುತ್ತೆ."

"ಹೋಗಲಿ ಮಾವ. ನಿಮ್ಮ ಬಟ್ಟೆ ಅತ್ತೆ ಚೀಲಕ್ಕೆ ತುಂಬಿದಾರೆ. ನಾಳೆ ಹೊರಡೋದು."

ಅವರು ಬೇಡ ಎನ್ನಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡರು, ಅಷ್ಟೇ.

ಉತ್ತಯ್ಯ ಶೆಡ್ಡಿನ ಮುಂದಿದ್ದರು. "ಎರಡನೇ ನೀರು ಆಯ್ತಾ?"

"ಇಲ್ಲ ಅಂಕಲ್."

"ಮತ್ತ್ಯಾಕೆ ತಂದೆ? ನಾನು ಕೇಳಿದ್ನಾ? ತಗೊಂಡು ಹೋಗು."

"ಇದು ನಮ್ಮ ತೋಟದಲ್ಲಿದ್ರೆ ಮಾವ ಆಸ್ಪತ್ರೆಗೆ ಬರಲ್ಲ."

ಉತ್ತಯ್ಯ ನನ್ನ ಮುಖ ನೋಡಿದರು. ಜೀಪಿನ ಹಿಂದೆ ಬಂದು ಕೈ ಚಾಚಿದರು. ನಾನು ಒಂದೊಂದನ್ನೇ ಎತ್ತಿಕೊಟ್ಟೆ. ಕೀರ್ತಿ ತಂದಿದ್ದ ಕೊನೆಯ ಜೆಟ್ಟು ಕೊಡುವಾಗ ನನ್ನ ಬೆರಳು ಅದನ್ನು ಬಿಡಲಿಲ್ಲ. ಅವರು ಎಳೆಯದೆ ಕಾದರು.

ಆಮೇಲೆ ಕೊಟ್ಟೆ.