ಬಾಗಿಲ ಮುಂದೆ ಒಂಬತ್ತು ದಿನ

ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಭೀಮೇಶ ಎರಡು ಬೇಸಿಗೆ ರಜೆ ಪೂರ್ತಿ ಕೂತು ಒಂದು ಆಟ ಕಟ್ಟಿದ್ದ. ಒಬ್ಬರು ಕತೆ ನಡೆಸಬೇಕು. ಉಳಿದವರು ಆ ಕತೆಯೊಳಗಿನ ವೀರನೋ ಕಳ್ಳನೋ ಮಂತ್ರವಾದಿಯೋ ಆಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಇಂಥ ಆಟ ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಭೀಮೇಶನ ಹೆಮ್ಮೆಯೆಂದರೆ ಅವನ ನಿಯಮ ಪುಸ್ತಕ ಕನ್ನಡದಲ್ಲಿತ್ತು, ನೂರಾ ಹನ್ನೆರಡು ಪುಟ ಇತ್ತು, ಮತ್ತು ಅದರಲ್ಲಿ ಇಲ್ಲದ್ದು ಏನೂ ಇರಲಿಲ್ಲ. ಹಗ್ಗದ ತೂಕ ಬರೆದಿದ್ದ. ಒದ್ದೆ ಹಗ್ಗದ ತೂಕವನ್ನು ಬೇರೆ ಬರೆದಿದ್ದ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಅವನು ಸಿಂಧನೂರಿಗೆ ಬರುತ್ತಿದ್ದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಯಶೋಧರಾಳ ಮನೆಯಲ್ಲಿ ಆಟ. ನರ್ಸ್ ಭಾರತಿ, ರೈಸ್ ಮಿಲ್ಲಿನಲ್ಲಿ ಮಶೀನು ನೋಡಿಕೊಳ್ಳುವ ವೀರೇಶ ಜೊತೆಗೆ ಸೇರುತ್ತಿದ್ದರು. ಹೀಗೆ ನಾಲ್ಕು ತಿಂಗಳು ನಡೆದಿತ್ತು.

ಆ ಭಾನುವಾರ ಅವರ ಮೂರು ಪಾತ್ರಗಳು ಒಂದು ಕೋಟೆಯ ಬಾಗಿಲಿಗೆ ಬಂದು ನಿಂತವು. ಬಾಗಿಲಿಗೆ ಬೀಗ. ಒಳಗೆ ಒಬ್ಬ ಕಾವಲುಗಾರ. ಬೀಗ ತೆಗೆಯಬೇಕಾದರೆ ಹದಿನೆಂಟು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಅದೂ ದಿನಕ್ಕೊಂದೇ ಸಲ. ಕಳ್ಳನಾಗಿದ್ದ ವೀರೇಶ ದಾಳ ಎಸೆದ. ನಾಲ್ಕು ಬಿತ್ತು.

“ತೆಗೀಲಿಲ್ಲ. ಒಂದು ದಿನ ಹೋತು. ಎಲ್ಲಾರ ಬುತ್ತ್ಯಾಗ ಒಂದೊಂದು ರೊಟ್ಟಿ ಕಡಿಮಿ ಮಾಡ್ರಿ,” ಎಂದ ಭೀಮೇಶ.

ಹನ್ನೊಂದು ಗಂಟೆಯಾಗುವಷ್ಟರಲ್ಲಿ ಬಾಗಿಲ ಮುಂದೆ ಒಂಬತ್ತು ದಿನ ಕಳೆದಿದ್ದವು. ರೊಟ್ಟಿ ಮುಗಿದಿದ್ದವು.

“ಬಾಗಿಲಾ ಒಡಿತೀನ್ರಿ ಸರ್,” ಎಂದ ವೀರೇಶ.

“ಎಂಬತ್ತೊಂದನೇ ಪುಟ ನೋಡು. ತೇಗಿನ ಬಾಗಿಲಾ. ಒಡಿಯಾಕ ಆನಿ ಬೇಕು.”

“ನಾ ಕಾವಲುಗಾರನ ಕೂಡ ಮಾತಾಡ್ತೀನಿ,” ಎಂದಳು ಭಾರತಿ. ಅವಳಿಗೆ ಎರಡು ಬಿತ್ತು.

“ಅವಂಗ ಕೇಳಿಸಲಿಲ್ಲ.”

ಭಾರತಿ ದಾಳವನ್ನು ಚಾಪೆಯ ಮೇಲೆ ಕುಕ್ಕಿದಳು. “ಬಡದಾಟಕ್ಕ ನಲವತ್ತು ಪುಟ ಬರದೀರಿ ಸರ್, ಮಾತಿಗೆ ಅರ್ಧ ಪುಟ. ಬಡದಾಡ್ರಿ ಅಂತ ಪುಸ್ತಕನ ಹೇಳಾಕತ್ತೈತಿ. ಬಡದಾಡೂಣು ಅಂದ್ರ ಬಾಗಿಲಾ ತೆರಿಯಂಗಿಲ್ಲ!”

ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಯಶೋಧರಾಳ ತಾಯಿ ಪಕೀರಮ್ಮ ತಲೆ ಎತ್ತಿದಳು. “ತಮ್ಮಾ, ಒಂಬತ್ತು ದಿನ ಆತು ಅಂದಿ. ಒಳಗಿನಾಂವ ಏನು ತಿಂತಾನ?”

ಭೀಮೇಶ ಪುಸ್ತಕ ತಿರುವಿದ. ಹಿಂದೆ ಹೋದ, ಮುಂದೆ ಬಂದ. ವೀರರ ಹಸಿವಿಗೆ ಒಂದು ಕೋಷ್ಟಕವಿತ್ತು, ಕುದುರೆಯ ಹಸಿವಿಗೂ ಇತ್ತು.

“ಕಾವಲುಗಾರಂದು ಬರದಿಲ್ರಿ ಅವ್ವಾರ,” ಎಂದ ಮೆಲ್ಲಗೆ.

ವೀರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಭಾರತಿಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. “ಕಾಲು ಮುರದಾಂವ ಒಂದು ರಾತ್ರಿ ಮಲಗಿ ಎದ್ದು ಓಡ್ತಾನ ಅಂತ ಬರದೀರಲ್ಲ, ಒಮ್ಮಿ ನಮ್ಮ ವಾರ್ಡಿಗೆ ಬಂದು ನೋಡ್ರಿ.”

ಭೀಮೇಶ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡ. ಬಸ್ಸಿಗೆ ಹೊತ್ತಾಯಿತೆಂದು ಊಟಕ್ಕೂ ನಿಲ್ಲದೆ ಹೊರಟುಹೋದ. ಮಸ್ಕಿಗೆ ಅರ್ಧ ಗಂಟೆಗೊಂದು ಬಸ್ಸಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ.

“ಪುಸ್ತಕ ಇಲ್ಲದನ ಆಡೂಣು,” ಎಂದು ಯಶೋಧರಾ ಕತೆ ಶುರು ಮಾಡಿದಳು. ವೀರೇಶ ಒಂದೇ ಒದೆತಕ್ಕೆ ಬಾಗಿಲು ಮುರಿದ, ಚಹಾ ಬರುವ ಮೊದಲೇ ರಾಜನನ್ನು ಕೊಂದ, ಸಿಂಹಾಸನದ ಮೇಲೆ ಕೂತ. ಮಂತ್ರವಾದಿ ಭಾರತಿ ಅವನನ್ನು ಹೋತ ಮಾಡಿದಳು.

“ನಾ ಹೋತ ಆಗಿಲ್ಲ.”

“ಆಗೀದಿ ಲೇ, ಮಂತ್ರ ಹಾಕೀನಿ.”

“ನನಗ ಮಂತ್ರ ತಾಕಂಗಿಲ್ಲ.”

ಮುಕ್ಕಾಲು ಗಂಟೆ ಇದೇ ನಡೆಯಿತು. ಕೊನೆಗೆ ಮೂವರೂ ಆಟ ಬಿಟ್ಟರು. ಗೆದ್ದವನಿಗೂ ಖುಷಿ ಇರಲಿಲ್ಲ.

“ಮಸ್ಕಿಗೆ ಹೋಗೂಣು ನಡ್ರಿ,” ಎಂದು ಮೊದಲು ಎದ್ದವಳು ಭಾರತಿ.

ಭೀಮೇಶನ ಮನೆಯ ಪಡಸಾಲೆಯ ತುಂಬ ಹಾಳೆಗಳು ಹರಡಿದ್ದವು. ಅವನು ನಡುವೆ ಕೂತು ಒಬ್ಬನೇ ದಾಳ ಎಸೆಯುತ್ತಿದ್ದ. ಇವರನ್ನು ಕಂಡು ಕೂಡಲು ಜಾಗ ಮಾಡಿದ.

“ನಾ ಹಂಗ ಅನ್ನಬಾರದಿತ್ತು ಸರ್,” ಎಂದಳು ಭಾರತಿ.

“ನೀ ಅಂದಿದ್ದಕ್ಕ ಅಲ್ಲವ್ವಾ. ಎರಡು ವರ್ಷ ಬರದೀನಿ, ನನಗ ಹೊಳೀಲಿಲ್ಲ. ಅವ್ವಾರು ಬಳ್ಳೊಳ್ಳಿ ಸುಲಕೋಂತ ಕೇಳಿದ್ರು. ನಾಚಿಕಿ ಆತು.” ಒಂದು ಹಾಳೆ ಎತ್ತಿ ತೋರಿಸಿದ. “ಒಂದು ವಾರದಿಂದ ನಾನ ಕಾವಲುಗಾರ ಆಗಿ ಆಡಾಕತ್ತೀನಿ. ದಿನಾ ನೀರಿಲ್ಲದ ಸಾಯಾಕತ್ತೀನಿ. ಬಾವೀನ ಕ್ವಾಟಿ ಹೊರಗ ಇಟ್ಟೀನಿ ನೋಡು!”

ತಾನೇ ಮೊದಲು ನಕ್ಕ. ಆಮೇಲೆ ಹೊಸದಾಗಿ ಬರೆದದ್ದನ್ನು ಓದಿ ಹೇಳಿದ: ದಾಳ ಸೋತರೂ ಕತೆ ನಿಲ್ಲಬಾರದು. ಬೀಗ ತೆರೆಯುತ್ತದೆ, ಆದರೆ ಸಪ್ಪಳವಾಗುತ್ತದೆ. ಇಲ್ಲವೇ ಕೈಗೆ ಗಾಯವಾಗುತ್ತದೆ. ಮಾತಿಗೆ ಹನ್ನೆರಡು ಪುಟ ಕೊಟ್ಟಿದ್ದ. ಬಾಗಿಲಿನ ಕೋಷ್ಟಕವನ್ನು ಹೊಡೆದುಹಾಕಿದ್ದ. ಹಾಗೆ ಮಾಡುವಾಗ ಜೀವ ಹೋದಂತಾಯಿತೆಂದು ಒಪ್ಪಿಕೊಂಡ.

“ಗಾಯದ ಅಧ್ಯಾಯ ನನಗ ತಿಳಿಯಂಗಿಲ್ಲ. ಅದನ್ನ ನೀ ಬರಿ ಭಾರತಿ.”

ಭಾರತಿ ಮೂರು ವಾರ ತೆಗೆದುಕೊಂಡಳು. ಇಪ್ಪತ್ತಾರು ಪುಟ ಬರೆದು ತಂದಳು.

ಅಂದು ಸಿಂಧನೂರಿನಲ್ಲಿ ಆಟ ಶುರುವಾಗಿ ಹತ್ತು ನಿಮಿಷಕ್ಕೆ ವೀರೇಶನ ಕಳ್ಳ ಮೊಳೆ ತುಳಿದ. ಗಾಯ ತೊಳೆಯಲು ಒಂದು ದಾಳ, ಮೊಳೆ ತುಕ್ಕು ಹಿಡಿದಿದೆಯೇ ಎಂದು ನೋಡಲು ಒಂದು, ಪಟ್ಟಿ ಕಟ್ಟಲು ಎರಡು. ಕಳ್ಳನಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ಭಾರತಿ ಕೇಳಿದಳು. ಇದ್ದರೆ ಕೋಷ್ಟಕ ಬೇರೆ. ಕತೆಯಲ್ಲಿ ಅವರನ್ನು ಕೊಲ್ಲಲು ಬಂದಿದ್ದ ರಾಕ್ಷಸ ಅಷ್ಟು ಹೊತ್ತೂ ಮರದಡಿ ಕಾಯುತ್ತಿದ್ದ.

“ಸರ್, ನೀವರ ಏನರ ಹೇಳ್ರಿ,” ಎಂದು ವೀರೇಶ ಗೋಗರೆದ.

ಭೀಮೇಶ ಬಲು ಗಂಭೀರವಾಗಿ ಭಾರತಿಯ ಹಾಳೆಗಳನ್ನು ತಿರುವಿದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ಯಾರೂ ಕಂಡಿರಲಿಲ್ಲ.

“ಇಪ್ಪತ್ತೊಂದನೇ ಪುಟ,” ಎಂದ. “ಕಾಲು ಮ್ಯಾಲ ಇಟಗೊಂಡು ಕುಂದ್ರಲೇ. ಎದ್ರ ಎರಡು ಅಂಕ ಕಡಿಮಿ.”