ಸುಶೀಲಮ್ಮನ ಸಾಲು

“ದೇವರ ಮುಂದೆ ಹೇಳೋದನ್ನ ಯಾರಾದರೂ ಸ್ಟೇಜ್ ಹತ್ತಿಸ್ತಾರಾ?”

ದಕ್ಷಿಣಾಮೂರ್ತಿ ಯಾರನ್ನೂ ಕೇಳಿದ್ದಲ್ಲ. ದೆಹಲಿಯ ಜನಕಪುರಿಯ ಮನೆಯ ಬಾಲ್ಕನಿಯಲ್ಲಿ ಒಬ್ಬರೇ ನಿಂತು ಶೂ ಒರೆಸುತ್ತಿದ್ದರು. ಒಳಗೆ ಹೆಂಡತಿ ಸುಶೀಲಮ್ಮ ಮೈಸೂರು ರೇಷ್ಮೆಯ ನೆರಿಗೆ ಹಿಡಿಯುತ್ತಿದ್ದರು.

ಮಗಳು ಹರಿಣಿ ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋ ಸೇರಿಸಿ ಹೊಸ ರಚನೆ ಮಾಡಿದ್ದಳು. ಅಪ್ಪ ಅಮ್ಮ ದಿನಾ ಬೆಳಗ್ಗೆ ದೇವರೆದುರು ಕೂತು ಪದ್ಯ ಹೇಳುವುದೇ ಅದರ ವಸ್ತು. ಭಾನುವಾರ ಕಛೇರಿ, ಇವತ್ತು ಮಧ್ಯಾಹ್ನ ಅಭ್ಯಾಸಕ್ಕೆ ಬನ್ನಿ ಎಂದು ಇಬ್ಬರನ್ನೂ ಕರೆದಿದ್ದಳು.

ಸುಶೀಲಮ್ಮನ ತವರಿನಲ್ಲಿ ಪದ್ಯವನ್ನು ಇಬ್ಬರು ಹಂಚಿಕೊಂಡು ಹೇಳುವ ಪದ್ಧತಿ. ಒಬ್ಬರೇ ಹೇಳಿದರೆ ದೇವರಿಗೆ ಅರ್ಧವೇ ಮುಟ್ಟುತ್ತದೆಂಬ ನಂಬಿಕೆ. ಮದುವೆಯಾದಾಗಿನಿಂದ ಮೊದಲ ಸಾಲು ಆಕೆಯದು, ಎರಡನೆಯದು ಇವರದು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಆಕೆಯ ದನಿ ಹೋಯಿತು, ಪಿಸುಮಾತಷ್ಟೇ ಉಳಿಯಿತು. ಆದರೂ ಆಕೆ ತುಟಿಯಾಡಿಸುವಷ್ಟು ಹೊತ್ತು ಇವರು ಕಣ್ಣು ಮುಚ್ಚಿ ಕಾಯುತ್ತಿದ್ದರು, ಆಮೇಲೆ ತಮ್ಮ ಸಾಲು ಎತ್ತಿಕೊಳ್ಳುತ್ತಿದ್ದರು.

“ಅಮ್ಮನ ಲೈನೂ ಇದೆ ಅಪ್ಪಾ, ಟೆನ್ಶನ್ ಮತ್ ಲೋ, ಚಿಂತೆ ಬೇಡ,” ಎಂದಿದ್ದಳು ಹರಿಣಿ ಫೋನಿನಲ್ಲಿ.

ಆ ಮಾತೇ ಅವರನ್ನು ಕೊರೆಯುತ್ತಿತ್ತು. ಯಾರೋ ಎಳೆಯ ಗಂಟಲಿನ ಹುಡುಗಿ ಆ ಸಾಲು ಹಾಡಿಬಿಟ್ಟರೆ ಸುಶೀಲಾ ಕೂತು ಕೇಳಬೇಕಲ್ಲ! ಮೆಟ್ರೋದಲ್ಲಿ ಎರಡು ಸಲ, “ಬೇಡ ಅನ್ನಿಸಿದರೆ ವಾಪಸ್ ಹೋಗೋಣ,” ಎಂದರು. ಆಕೆ ಅವರ ಕಾಲರ್ ಸರಿಮಾಡಿ, “ನಾನು ಸೀರೆ ಉಟ್ಟಾಯ್ತು,” ಎಂದು ಪಿಸುಗುಟ್ಟಿದರು.

ಮಂಡಿ ಹೌಸ್ ಹತ್ತಿರದ ಸಣ್ಣ ಸಭಾಂಗಣ. ನಾಲ್ವರು ಅರ್ಧಚಂದ್ರಾಕಾರವಾಗಿ ಕೂತಿದ್ದರು. ಹಾಡುವವರು ಯಾರೂ ಕಾಣಲಿಲ್ಲ. ಹರಿಣಿ ತಲೆಯಾಡಿಸಿದಳು. ನಾಲ್ಕೂ ಕಮಾನುಗಳು ಮೇಲೆದ್ದು ತಂತಿಗೆ ಕೂದಲೆಳೆ ದೂರದಲ್ಲಿ ನಿಂತವು. ಏನೂ ಕೇಳಿಸಲಿಲ್ಲ. ಇನ್ನೂ ಶುರುವಾಗಿಲ್ಲವೆಂದುಕೊಂಡರು ದಕ್ಷಿಣಾಮೂರ್ತಿ. ಅಷ್ಟರಲ್ಲಿ ದಪ್ಪ ದನಿಯ ಚೆಲ್ಲೋ ಅವರ ಸಾಲನ್ನು ಹೇಳಿತು. ಅವರದೇ ಏರಿಳಿತ, ಕೊನೆಯಲ್ಲಿ ಅವರದೇ ಎಳೆತ. ಉಳಿದ ಮೂರು ವಾದ್ಯಗಳು ಅದರ ಸುತ್ತ ಮೆಲ್ಲಗೆ ಬೆಳಗಾದಂತೆ ಸೇರಿಕೊಂಡವು.

ಮತ್ತೆ ಕಮಾನುಗಳು ಮೇಲೆದ್ದು ನಿಂತವು. ದಕ್ಷಿಣಾಮೂರ್ತಿ ಪಕ್ಕಕ್ಕೆ ನೋಡಿದರು. ಸುಶೀಲಮ್ಮನ ತುಟಿ ಆಡುತ್ತಿತ್ತು. ಆಕೆಯ ಕೊನೆಯ ಅಕ್ಷರ ಮುಗಿದ ಮೇಲೇ ಚೆಲ್ಲೋ ಮಾತಾಡಿತು. ಒಂದು ಕ್ಷಣ ಮೊದಲೂ ಅಲ್ಲ, ತಡವೂ ಅಲ್ಲ. ದಕ್ಷಿಣಾಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡರು.

ಆಕೆ ಅವರ ಮಂಡಿಗೆ ತಟ್ಟಿದರು. “ಎಳೀತೀರಿ ಅಂದ್ರೆ ನಂಬ್ತಿರಲಿಲ್ಲ. ಈಗ ಕೇಳಿ.”

ಅವರಿಗೆ ನಗು ಬಂದುಬಿಟ್ಟಿತು.

ಮುಗಿದಾಗ, ಕಛೇರಿ ಏರ್ಪಡಿಸಿದ್ದ ಕನ್ನಡ ಬಳಗದ ಇಂದುಶೇಖರ ಎದ್ದು ಬಂದರು. “ಅಚ್ಛಾ, ಬಹಳ ಚೆನ್ನಾಗಿದೆ ಹರಿಣಿ. ಆದರೆ ಆ ಖಾಲಿ ಜಾಗ ಜಾಸ್ತಿ ಆಯ್ತಮ್ಮ. ಜನ ಮುಗೀತು ಅಂತ ಚಪ್ಪಾಳೆ ತಟ್ಟಿಬಿಡ್ತಾರೆ. ನಮ್ಮ ಪ್ರಕೃತಿ ಇದ್ದಾಳೆ, ಒಳ್ಳೆ ಕಂಠ. ಅಲ್ಲಿ ಅವಳು ಹಾಡಲಿ.” ಆಮೇಲೆ ಸುಶೀಲಮ್ಮನ ಕಡೆ ತಿರುಗಿ ಕೈ ಮುಗಿದರು. “ನೀವೇ ಒಂದು ಮಾತು ಹೇಳಿಬಿಡಿ, ಅಮ್ಮ.”

ಹರಿಣಿ ತಾಯಿಯ ಮುಖ ನೋಡಿದಳು. ವಾದಕರು ಕಮಾನು ಸಡಿಲಿಸುವುದನ್ನು ನಿಲ್ಲಿಸಿದರು.

“ಆಗೋಲ್ಲ,” ಎಂದರು ಸುಶೀಲಮ್ಮ. ಪಿಸುದನಿಯೇ, ಆದರೆ ಹಿಂದಿನ ಸಾಲಿನ ಕುರ್ಚಿಗಳವರೆಗೂ ಕೇಳಿಸಿತು. “ಅಲ್ಲಿ ನಾನು ಹೇಳ್ತಾ ಇರ್ತೀನಿ.”